ಮಾವನವರು ಒಪ್ಪದ ಮಾತು

ಮಾರ್ಚ್ ೯, ಭಾನುವಾರ

ಮಾವನವರಿಗೆ ಎದುರಾಡಿದ್ದು ತಪ್ಪಾಯಿತೇ ಎಂದು ಸಂಜೆಯೆಲ್ಲ ಕೊರೆಯುತ್ತಿತ್ತು. ಈಗ ಇಲ್ಲ.

ಗ್ರಂಥಾಲಯದ ಮಹಡಿಯಲ್ಲಿ ಇಂದಿನ ಚರ್ಚೆ: ಭೂಕಂಪವಾದ ನೆರೆದೇಶಕ್ಕೆ ನಮ್ಮ ಸರ್ಕಾರ ಔಷಧಿ ಕಳಿಸಬೇಕೇ? ಅದೇ ದೇಶದೊಡನೆ ನಡೆದ ಯುದ್ಧದಲ್ಲಿ ಮಾವ ಒಂದು ಕಾಲು ಕಳೆದುಕೊಂಡವರು. ಬೇಡ ಎಂದು ಮೊದಲೇ ಹೇಳಿ ಕೂತಿದ್ದರು. ನಾನು ಎದ್ದು, "ಕಳಿಸ್ಬೇಕು. ಗಾಯ ಆಗಿರೋ ಮಗೂಗೆ ಯಾವ ದೇಶ?" ಎಂದೆ.

ಬಟ್ಟೆ ಅಂಗಡಿಯವರು ಸಿಡಿದರು: "ಉಂಡ ಮನೆಗೆ ಎರಡು ಬಗೆಯೋ ಮಾತಿದು. ಕೂತ್ಕೊಳಮ್ಮ!"

ನಾನು ಕೂರಲು ಹೊರಟೆ. ಮಾವ ಊರುಗೋಲು ಹಿಡಿದು ಎದ್ದರು. "ಯುದ್ಧಕ್ಕೆ ಹೋಗಿದ್ದು ನಾನು, ನೀವಲ್ಲ. ನಮ್ಮ ಸೊಸೆ ಮಾತು ನನಗೂ ಒಪ್ಪಿಗೆ ಇಲ್ಲ. ಆದ್ರೆ ಅವಳು ಪೂರ್ತಿ ಹೇಳ್ಲಿ, ಆಮೇಲೆ ನಾನೇ ಜಗಳ ಆಡ್ತೀನಿ."

ಎಲ್ಲರೂ ನಕ್ಕರು, ಅಂಗಡಿಯವರೂ. ನಾನು ಪೂರ್ತಿ ಹೇಳಿದೆ. ಕೊನೆಗೆ ಮತಕ್ಕೆ ಹಾಕಿದಾಗ ಮಾವ ನನ್ನ ವಿರುದ್ಧವೇ ಕೈ ಎತ್ತಿದರು. ನನ್ನ ಪಕ್ಷ ಸೋತಿತು.

ಮನೆಗೆ ಬರುವಾಗ ನನ್ನ ಗಂಡ ನಮ್ಮಿಬ್ಬರ ನಡುವೆ ಉಸಿರು ಬಿಗಿಹಿಡಿದು ನಡೆದ. ಮಾವ ಮಾತ್ರ, "ಮಾತಾಡುವಾಗ ಕೈ ನಡುಗ್ತಿತ್ತಲ್ಲಮ್ಮ. ಮುಂದಿನ ಸಲ ಮೇಜು ಹಿಡ್ಕೋ" ಎಂದರು.

ಈ ಮನೆಗೆ ಸೊಸೆಯಾಗಿ ಬಂದಮೇಲೆ ಮನಸ್ಸು ಇಷ್ಟು ಹಗುರವಾದದ್ದು ನೆನಪಿಲ್ಲ. ನಾಳೆ ಕಾಫಿಗೆ ಮುಂಚೆಯೇ ಅವರ ಬಳಿ ವಾದ ತೆಗೆಯಬೇಕು, ಒಂದು ಮಾತು ಬಿಟ್ಟುಹೋಗಿತ್ತು, ಅದೇನೆಂದರೆ...