ಪವಿತ್ರ ವಾರದ ಅರ್ಧ ಮಾತು

ಏಪ್ರಿಲ್ 11, ಸೋಮವಾರ

ಬೆಳಗಿನ ರೇಡಿಯೊ ವಾರ್ತೆ ಕೇಳಿ, ಚುನಾವಣೆ ಸುದ್ದಿ ಎಷ್ಟು ನ್ಯಾಯವಾಗಿದೆ ಎಂದು ಅಂಕ ಹಾಕಿದ್ದಾಯಿತು. ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರಲ್ಲಿ ಸೆನೆಟರ್‌ಗೆ ಎಷ್ಟು ಹೊತ್ತೋ ಗವರ್ನರಮ್ಮನಿಗೂ ಅಷ್ಟೇ. ಲೂರ್ದೆಸ್‌ಳ ರೇಡಿಯೊ ಈ ವಾರವೂ ಮುಂದೆ. ನಮ್ಮ ಸೆಬು ದ್ವೀಪದಲ್ಲಿ ಯಾವ ಸ್ಟೇಷನ್ ಅಂಕದಲ್ಲಿ ಮೊದಲು ಬರುತ್ತದೋ ಅಲ್ಲೇ ಅಧ್ಯಕ್ಷ ಚುನಾವಣೆಯ ಕೊನೆಯ ಚರ್ಚೆ.

ಲೂರ್ದೆಸ್ ನನ್ನ ಮಗಳು ಲಿವಾಯ್‌ಳ ನಿನಾಂಗ್ — ದೀಕ್ಷಾಸ್ನಾನಕ್ಕೆ ನಿಂತ ಧರ್ಮತಾಯಿ. ಈಗ ಲಿವಾಯ್ ಅವಳ ಕೈಕೆಳಗೇ ವಾರ್ತೆ ಎಡಿಟ್ ಮಾಡುತ್ತಾಳೆ. ನಾನಿರುವ ಅಂಕ ಸಮಿತಿಯ ಮುಖ್ಯಸ್ಥರು ಫಾದರ್ ಸಲ್ದೀವಿಯ. ಈ ನಂಟಿನ ವಿಷಯ ಅವರಿಗೆ ಮೊದಲೇ ಹೇಳಿದ್ದೆ. ನಕ್ಕರು. "ಈ ಊರಲ್ಲಿ ಯಾರು ಯಾರಿಗೆ ನಿನಾಂಗ್ ಅಲ್ಲ ಟೀಚರ್? ಅವರನ್ನೆಲ್ಲ ಬಿಟ್ರೆ ನಾನೊಬ್ನೇ ಉಳೀತೀನಿ."

ಏಪ್ರಿಲ್ 13, ಬುಧವಾರ, ಸಂಜೆ

ಚರ್ಚಿನ ಮುಂದೆ ಗವರ್ನರಮ್ಮನ ಭಾಷಣ. ನಿಂತು ಕೇಳಿದೆ. "ಮೀನು ಮಾರ್ಕೆಟ್ ಎತ್ತಿಸ್ತೀನಿ — ಹೊಸದು ಕಟ್ಟಿ, ಒಬ್ಬೊಬ್ರಿಗೂ ಅಲ್ಲಿ ಜಾಗ ಕೊಟ್ಟ ಮೇಲೆ!"

ಲೂರ್ದೆಸ್‌ಳ ಸಂಜೆ ವಾರ್ತೆಯಲ್ಲಿ — "ಮೀನು ಮಾರ್ಕೆಟ್ ಎತ್ತಿಸ್ತೀನಿ." ಅಷ್ಟೇ!

ನಾಳೆ, ನಾಡಿದ್ದು ಪ್ರಚಾರ ನಿಷೇಧ. ಸ್ಟೇಷನ್ ಕೂಡ ಪವಿತ್ರ ವಾರಕ್ಕೆ ಈಸ್ಟರ್ ಭಾನುವಾರದವರೆಗೆ ಮೌನ. ತಿದ್ದುವವರು ಯಾರು? ಲೂರ್ದೆಸ್‌ಗೆ ಫೋನ್ ಮಾಡಿದೆ.

"ಬಂದ್ ಮಾಡೋ ಮೊದಲು ಪೂರ್ತಿ ಮಾತು ಹಾಕೇ."

"ಅಯ್ಯೋ ಮಾರಾಯ್ತಿ, ಇಬ್ಬರಿಗೂ ಹೊತ್ತು ಸಮ ಇದೆ. ಅವಳದ್ದು ಇನ್ನೊಂದ್ಸಲ ಹಾಕಿದ್ರೆ ನೀನೇ ಅಂಕ ಕಡೀತೀಯ!"

ಮೈ ಉರಿಯಿತು. ಆ ಅಳತೆಗೋಲು ಕೊಟ್ಟವರು ನಾವೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಏಪ್ರಿಲ್ 15, ಗುಡ್ ಫ್ರೈಡೇ

ಮೆರವಣಿಗೆಯಲ್ಲಿ ಮೀನು ಮಾರುವ ಪಿಲಾರಕ್ಕ ಸಿಕ್ಕಳು. ಗವರ್ನರಮ್ಮನ ಚಿತ್ರದ ಟೀ ಶರ್ಟನ್ನು ನೆಲ ಒರೆಸಲು ಹಾಕಿದ್ದಾಳಂತೆ. "ನನ್ ಬುಟ್ಟಿ ಎತ್ತಿಸ್ತಾಳಂತಲ್ಲ! ರೇಡಿಯೋನೇ ಹೇಳ್ತು."

"ಅವಳು ಹೇಳಿದ್ದು ಅಷ್ಟೇ ಅಲ್ಲ ಕಣೇ..."

"ನೀನ್ಯಾವಾಗಿಂದ ಅವಳ ಕಡೆ, ಟೀಚರಮ್ಮ? ಇವತ್ತೂ ಪ್ರಚಾರಾನಾ?"

ಮೆರವಣಿಗೆಯ ಜೊತೆ ಮುಂದೆ ನಡೆದೆ.

ಮನೆಗೆ ಬಂದರೆ ಲಿವಾಯ್ ಬಿನಿಗ್ನಿತ್ ಪಾಯಸ ಮುಟ್ಟಿಲ್ಲ. ಕಣ್ಣು ಕೆಂಪು.

"ಅಮ್ಮಾ, ಕತ್ತರಿಸಿದ್ದು ನಾನು. ಸೆನೆಟರ್ ಮಾತು ಚಿಕ್ಕದಿತ್ತು. ಹೊತ್ತು ಸಮ ಮಾಡ್ಬೇಕಿತ್ತು. ಬರೀ ಗಡಿಯಾರ ನೋಡಿದೆ, ಮಾತು ಕೇಳ್ಲೇ ಇಲ್ಲ."

ಈ ತಿಂಗಳು ಅವಳ ಕೆಲಸ ಖಾಯಂ ಆಗಬೇಕು. ಭಯವಾಗುತ್ತಿದೆ.

ಏಪ್ರಿಲ್ 18, ಸೋಮವಾರ

ನಿನ್ನೆ ಸ್ಟೇಷನ್ ತೆರೆಯಿತು. ಈಸ್ಟರ್ ಹಾಡುಗಳು. ತಿದ್ದುಪಡಿ ಇಲ್ಲ.

ಇವತ್ತು ಅಂಕ ಕೊಡಬೇಕು. ಸಮಯ — ಪೂರ್ತಿ ಅಂಕ. ಎರಡೂ ಕಡೆಯ ಮಾತು — ಪೂರ್ತಿ. ಗುರುವಾರ, ಶುಕ್ರವಾರ ಇಬ್ಬರಿಗೂ ಸೊನ್ನೆ ನಿಮಿಷ, ಅದೂ ಸಮ! ಸತ್ಯ — ಸೊನ್ನೆ ಎಂದು ಬರೆದೆ.

ಫಾದರ್ ಫೋನ್ ಮಾಡಿದಾಗ ಸೊನ್ನೆಯ ವಿಷಯ ಹೇಳಿದೆ. "ಸೊನ್ನೆ ಕೊಟ್ರೆ ತಪ್ಪು ಯಾರದ್ದು ಅಂತಲೂ ಬರೀಬೇಕು ಟೀಚರ್. ಗೊತ್ತಾ?"

ಲೂರ್ದೆಸ್ ಆಗಲೇ ಹೇಳಿದ್ದಾಳೆ. "ಮಷೀನ್ ಕೆಟ್ಟಿತ್ತು ಅಂತ ಬರಿ. ಚರ್ಚೆ ನಮಗೆ ಸಿಗುತ್ತೆ, ಹುಡುಗಿ ಕೆಲಸಾನೂ ಉಳಿಯುತ್ತೆ."

ಎಷ್ಟು ಸುಲಭ. ಬರೆದೇಬಿಡುತ್ತಿದ್ದೆ. ಲಿವಾಯ್ ಬಂದು ಎದುರಿಗೆ ಕೂತಳು.

"ಪೂರ್ತಿ ಬರಿ ಅಮ್ಮಾ. ನೀನೂ ಅರ್ಧ ಮಾಡ್ಬೇಡ."

ಅವಳ ಹೆಸರು ಬರೆದೆ. ಕೆಳಗೆ ನನ್ನದೂ ಬರೆದೆ.

"ನಿನ್ನದ್ಯಾಕೆ?"

"ಗಡಿಯಾರ ನೋಡೋದು ಕಲಿಸಿದ್ದು ಯಾರು?"

ಹಾಳೆಯನ್ನು ಫಾದರ್‌ಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಡಿದುಕೊಂಡಿತು. ಲೂರ್ದೆಸ್. ನಾನು ಕೈ ಚಾಚುವ ಮೊದಲೇ ಲಿವಾಯ್ ಎತ್ತಿದಳು.

"ಹೌದು ನಿನಾಂಗ್. ನಾನೇ ಪೂರ್ತಿ ಬರಿ ಅಂದೆ."

ಆ ಕಡೆಯಿಂದ ಏನೋ ಉದ್ದ ಮಾತು. ಲಿವಾಯ್ ನನ್ನನ್ನೇ ನೋಡುತ್ತಾ, ಗಡಿಯಾರದ ಕಡೆ ತಿರುಗದೆ, ಪೂರ್ತಿ ಕೇಳುತ್ತಿದ್ದಾಳೆ.