ಮಂಚದ ಕಾಲಿನ ಇಟ್ಟಿಗೆ

ಮರ್ಫಿ ಟೌನ್
ಅಕ್ಟೋಬರ್ 2005

ವಾರ್ಡ್ ಇಂಜಿನಿಯರ್ ಸಾಹೇಬರಿಗೆ,

ನೀರು ಬರಲಿಲ್ಲ ಸರ್! ನಿನ್ನೆ ಸಂಜೆ ಅಷ್ಟು ಮಳೆ ಸುರಿದ್ರೂ ನಮ್ಮ ಬೀದೀಲಿ ಒಂದು ಮನೆಗೂ ನೀರು ನುಗ್ಗಲಿಲ್ಲ!

ಮೋಡ ಕವಿದ ಕೂಡಲೇ ನಾವೆಲ್ಲ ಯಾವಾಗಲೂ ಮಾಡೋ ಹಾಗೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸಿ, ಮಂಚ ಹತ್ತಿ ಕಾಲು ಮಡಚಿ ಕೂತ್ವಿ. ಮಳೆ ನಿಂತ ಮೇಲೂ ಯಾರೂ ಇಳೀಲೇ ಇಲ್ಲ. ಕೊನೆಗೆ ನಮ್ಮತ್ತೆ ಒಂದು ಕಾಲು ಇಳಿಬಿಟ್ಟು, "ನೆಲ ಒದ್ದೇನೇ ಆಗಿಲ್ಲ ಕಣೇ!" ಅಂತ ಕೂಗಿದ್ರು. ಹೊಸ ಮನೆಗೆ ಬಂದವರ ಹಾಗೆ ಹಾಲು ಉಕ್ಕಿಸಿದೆ ಸರ್.

"ಈಗ ಮೊದಲಿನ ಥರ ಮಳೆ ಬರಲ್ಲಮ್ಮ, ವಾರದ ಮಳೆ ಒಂದೇ ಸಂಜೆ ಸುರಿಯುತ್ತೆ, ಮೋರೀನೂ ದೊಡ್ಡದಾಗ್ಬೇಕು" ಅಂತ ನಮ್ಮ ಬೀದೀಲಿ ಹೊಸ ಮೋರಿ ಹಾಕಿಸುವಾಗ ನೀವು ಅಂದಿದ್ರಿ. ಸರಿಯಾಗೇ ಅಂದ್ರಿ. ಅದಕ್ಕೋಸ್ಕರ ನನ್ನ ಜಗಲಿ ಒಡೆಸಿದ ಕೋಪ ಇನ್ನೂ ಇದೆ, ಅದು ಬೇರೆ ಮಾತು.

ಆದ್ರೆ ದೊಡ್ಡ ಮೋರಿ ನಮ್ಮ ಬೀದಿ ಕೊನೆಗೇ ನಿಂತಿದೆ. ಅಲ್ಲಿಂದ ಮುಂದೆ ಹಳೇ ಸಣ್ಣ ಮೋರಿ. ಉಕ್ಕಿಸಿದ ಹಾಲಿಗೆ ಪಾಯಸ ಮಾಡಿ, ಇವತ್ತು ಬೆಳಿಗ್ಗೆ ಕೆಳಗಿನ ಬೀದಿ ಮೆಹರುನ್ನೀಸಾ ಅವರಿಗೆ ಕೊಡೋಕೆ ಹೋದೆ. ಮೋರಿ ಬೇಕು ಅಂತ ಅರ್ಜಿ ಹಿಡಿದು ನಮ್ಮ ಜೊತೆ ನಿಮ್ಮ ಆಫೀಸಿಗೆ ಬಂದಿದ್ದವರು ಅವರೇ. ನಮ್ಮ ಬೀದಿ ನೀರೆಲ್ಲ ಅವರ ಮನೇಲಿ ನಿಂತಿತ್ತು. ಪಾತ್ರೆ ಇಡೋಕೂ ಒಣ ಜಾಗ ಇರಲಿಲ್ಲ.

ವಾಪಸ್ ಬಂದು ನಮ್ಮ ಇಟ್ಟಿಗೆ ಹೊತ್ಕೊಂಡು ಹೋಗಿ ಅವರಿಗೆ ಕೊಟ್ಟೆ. ಮುಂದಿನ ಮಳೆಗೆ ಮೊದಲು ಅವರ ಬೀದಿ ಮೋರಿ ಕೆಲಸಾನೂ ಶುರು ಮಾಡಿಸಿ ಸರ್. ಆ ಇಟ್ಟಿಗೆ ನನಗೆ ವಾಪಸ್ ಬೇಡ. ಅವರಿಗೂ ಬೇಡವಾಗಲಿ.

ಇಂತಿ,
ಒಣ ನೆಲದ ಮೇಲೆ ಕೂತು ಬರೆದ
ದೇವಕಮ್ಮ