ಹಲಗೆ ಒಣಗಿಸುವ ಕೋಣೆ

ಮನೆ, ಶನಿವಾರ
ಮಾರ್ಚ್ ೨೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಜೈಲಿನ ವೈದ್ಯರು ಕೊಟ್ಟ ಮಾತ್ರೆಯಿಂದ ನಿದ್ದೆ ಬರುತ್ತಿದೆಯೇ? ಹಲ್ಲುನೋವು ಇಳಿಯಿತೇ? ಅಮ್ಮನ ಮಂಡಿನೋವು ಎಂದಿನಂತೆ. ನಾನು ಕೆಲಸ ಮಾಡುವ ಅಚ್ಚುಕೂಟದಿಂದ ತರುವ ಕರಪತ್ರಗಳನ್ನು ಅವಳು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸುತ್ತಾಳೆ. ಉಪ್ಪಿಗೆ ಕೈಹಾಕಿದಾಗಲೂ ನನಗೆ ಎರಡು ಸಾಲು ಓದಲು ಸಿಗುತ್ತವೆ! ಅಪ್ಪ ಈಗಲೂ ಬೆಳಗಾಗುತ್ತಲೇ ಮರಗೆಲಸಕ್ಕೆ ಕೂರುತ್ತಾರೆ. ನಿನ್ನ ಮಗನಿಗೆ ಎಂಟು ತುಂಬಿತು.

ಕಳೆದ ತಿಂಗಳು ಅವನು ಶಾಲೆಯಲ್ಲಿ ಒಬ್ಬ ಹುಡುಗನ ಕೈ ಕಚ್ಚಿದ. ಅಪ್ಪ ಅವನನ್ನು ಹಲಗೆ ಒಣಗಿಸುವ ಕೋಣೆಗೆ ತಳ್ಳಿ ಹೊರಗಿನಿಂದ ಅಗುಳಿ ಹಾಕಿದರು. ಕಿಟಕಿಯಿಲ್ಲದ ಅದೇ ಕೋಣೆ. ನಾನು ಕೂಗಾಡಿದೆ. "ನಿಮ್ಮಣ್ಣ ಸಲಿಗೆ ಜಾಸ್ತಿಯಾಗಿ ಹಾಗಾದ. ಇವನನ್ನಾದ್ರೂ ಚಿಕ್ಕವನಿದ್ದಾಗ್ಲೇ ಬಗ್ಗಿಸ್ತೀನಿ" ಅಂದರು. ಸಿಟ್ಟಿನಿಂದಲ್ಲ ಅಣ್ಣಾ, ಹೆದರಿ ಹೇಳಿದರು. ಮೊಮ್ಮಗ ಕೊಲೆಗಾರನಾಗಬಾರದೆಂದೇ ಅವನನ್ನು ಕತ್ತಲಲ್ಲಿ ಕೂಡಿಹಾಕುತ್ತಿದ್ದಾರೆ.

ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಅವರ ಮುಂದೆ ಸುರಿದೆ. ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುವವರು ಹುಟ್ಟುವಾಗಲೇ ಹಾಗಿರುವುದಿಲ್ಲ. ಹಲವರ ಬಾಲ್ಯದಲ್ಲಿ ಏಟು, ಅವಮಾನ, ಒಂಟಿತನ ಇರುತ್ತವೆ. ಬೇರೆಯವರ ನೋವು ತಟ್ಟದ ಮನಸ್ಸು ಒಳಗೊಳಗೇ ಗಟ್ಟಿಯಾಗುತ್ತದೆ. ಬೇಗ ಗುರುತಿಸಿ ಜೊತೆಗೆ ಕೂತು ಮಾತಾಡಿಸಿದರೆ ಎಷ್ಟೋ ಸಲ ತಡೆಯಬಹುದು ಎಂದೆ. ಅಪ್ಪ ಉಳಿ ಮಸೆಯುತ್ತಲೇ ಕೇಳಿದರು: "ನಿನ್ನನ್ನೂ ಅಲ್ಲೇ ಕೂಡಿಹಾಕಿದ್ನಲ್ಲ. ನೀನು ಯಾರನ್ನ ಕೊಂದೆ, ಪಂಡಿತಮ್ಮಾ?"

ಯಾವ ಕರಪತ್ರದಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಅಚ್ಚುಕೂಟದಲ್ಲಿ ಹಾಳೆ ಮಡಿಸುತ್ತ ಅದನ್ನೇ ಯೋಚಿಸಿದೆ. ನನ್ನನ್ನು ಕೂಡಿಹಾಕಿದಾಗ ನೀನು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂತಿರುತ್ತಿದ್ದೆ. "ಲೇ ಗುಬ್ಬಿ, ಇಲ್ಲೇ ಇದ್ದೀನಿ ಕಣೇ, ಅಳ್ಬೇಡ" ಅನ್ನುತ್ತಿದ್ದೆ. ನಿನ್ನನ್ನು ಕೂಡಿಹಾಕುತ್ತಿದ್ದ ಕಾಲಕ್ಕೆ ನಾನಿನ್ನೂ ಹುಟ್ಟಿರಲಿಲ್ಲ. ಹೊರಗೆ ಯಾರೂ ಕೂರುತ್ತಿರಲಿಲ್ಲ.

ಇದಿಷ್ಟೇ ಕಾರಣ ಎನ್ನಲಾರೆ. ಹೀಗೆ ಬೆಳೆದ ಎಷ್ಟೋ ಜನ ಯಾರ ಮೇಲೂ ಕೈಯೆತ್ತಿಲ್ಲ. ಕಾರಣ ಹುಡುಕಿದೆನೆಂದರೆ ಕ್ಷಮಿಸಿದೆ ಎಂದೂ ಅಲ್ಲ. ನೀನು ಕೊಂದ ಆ ಮೂವರು ಹೆಂಗಸರ ಮನೆಗಳ ಮುಂದೆ ಹಾಯುವಾಗ ಈಗಲೂ ನನಗೆ ತಲೆಯೆತ್ತಲಾಗುವುದಿಲ್ಲ. ಆದರೆ ನಿನ್ನ ಮಗ ಕಚ್ಚಿದ್ದಾನೆ, ಅಷ್ಟೇ. ಶಾಲೆಯ ಆಪ್ತಸಮಾಲೋಚಕಿ ವಾರಕ್ಕೊಮ್ಮೆ ಅವನ ಜೊತೆ ಕೂತು ಮಣ್ಣಿನ ಗೊಂಬೆ ಮಾಡುತ್ತಾಳೆ. ಮೊನ್ನೆ ಅವನು ತಾನಾಗಿಯೇ ಆ ಹುಡುಗನ ಕೈ ಹಿಡಿದು ಗಾಯ ಮಾಯಿತೇ ಎಂದು ನೋಡಿದನಂತೆ.

ನಿನಗೆ ಏನು ಬರೆಯಲಿ ಎಂದು ಅಮ್ಮನನ್ನು ಕೇಳಿದೆ. ನಿನಗೆಂದು ಉಣ್ಣೆಯ ಬನಿಯನ್ ಮಡಿಸಿಟ್ಟಳು. ಹೊಟ್ಟೆ ತುಂಬ ಉಣ್ಣು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಕೂಡಿಹಾಕಿದ್ದು ಸಾಲಲಿಲ್ಲ, ಸಲಿಗೆಯಿಂದಲೇ ನೀನು ಕೆಟ್ಟೆ ಎಂದು ಅಪ್ಪ ನಂಬಿದ್ದಾರೆ. ಅಲ್ಲ ಎಂದು ಹೇಳಬಲ್ಲವನು ನೀನೊಬ್ಬನೇ. ಆ ಕೋಣೆಯೊಳಗೆ ಕೂತು ಏನೇನು ಯೋಚಿಸುತ್ತಿದ್ದೆ ಎಂದು ಅವರಿಗೆ ಬರೆ. ಮುಚ್ಚಿಡಬೇಡ, ಸುಳ್ಳು ಸೇರಿಸಬೇಡ. ಬೇಗ ಬರೆ. ಸೋಮವಾರದಿಂದ ಶಾಲೆಗೆ ರಜೆ. ನಾನು ಅಚ್ಚುಕೂಟದಲ್ಲಿರುವಷ್ಟು ಹೊತ್ತೂ ಅವನು ಅಪ್ಪನ ಬಳಿಯೇ ಇರುತ್ತಾನೆ.